ಹುರಿಹಿಟ್ಟಿನ ಚೀಲ

ಹಳೆಯ ಟ್ರಂಕಿನ ಮುಚ್ಚಳ ಎತ್ತಿದ ಕೂಡಲೇ ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಅದರ ಹಿಂದೆಯೇ, ಎಲ್ಲೋ ತಳದಿಂದ, ಹುರಿದ ರಾಗಿಯ ವಾಸನೆ... ಮದುವೆಯಾದಾಗ ತವರಿನಿಂದ ಬಂದ ಟ್ರಂಕು ಅದು. ನನಗೆ ಬೇಕಿದ್ದದ್ದು ಬೆನ್ನಿಗೆ ಹಾಕಿಕೊಳ್ಳುವ ಒಂದು ಗಟ್ಟಿ ಚೀಲ. ಸಿಕ್ಕಿದ್ದು ಎಲೆಹಸಿರು ಬಟ್ಟೆಯ ಪುಟ್ಟ ಚೀಲ. ಬಾಯಿಗೆ ದಾರ, ಕುತ್ತಿಗೆಗೆ ಹಾಕಿಕೊಳ್ಳಲು ಉದ್ದನೆಯ ಲಾಡಿ, ಒಂದು ಮೂಲೆಯಲ್ಲಿ ಮಾಸಿದ ಹಳದಿ ಕಲೆ. ಮೂಗಿಗೆ ಹಿಡಿದೆ. ಇಷ್ಟು ವರ್ಷವಾದರೂ ಹುರಿಹಿಟ್ಟಿನ ವಾಸನೆ ಬಟ್ಟೆಯಲ್ಲಿತ್ತೋ, ನನ್ನ ಮೂಗಿನಲ್ಲೇ ಉಳಿದಿತ್ತೋ ಗೊತ್ತಿಲ್ಲ.

ಚೀಲ ಯಾಕೆ ಬೇಕಾಯಿತೆಂದು ಹೇಳಬೇಕು. ಮಂಡ್ಯದಲ್ಲಿ ದಿನಾ ಬೆಳಿಗ್ಗೆ ಪಾರ್ಕಿನಲ್ಲಿ ನಡೆಯುವ ಹೆಂಗಸರ ಗುಂಪು ನಮ್ಮದು. ರಿಟೈರಾದವರು, ರಿಟೈರಾಗಲಿರುವವರು, ಡಾಕ್ಟರು ಹೆದರಿಸಿದ್ದರಿಂದ ನಡೆಯುವವರು. ಇದೇ ಪಾರ್ಕನ್ನು ಸುತ್ತಿ ಸುತ್ತಿ ಗಾಣದೆತ್ತುಗಳಾಗಿದ್ದೇವೆ, ಒಂದು ಸಲವಾದರೂ ಕಾಲು ಸೋಲುವಷ್ಟು ದೂರ ನಡೆಯಬೇಕು ಎಂದು ಯಾರೋ ಮಾತು ತೆಗೆದರು. ನನ್ನ ಬಾಯಿ ಸುಮ್ಮನಿರಬೇಕಲ್ಲ! ನಮ್ಮೂರ ಕೆರೆಯ ದಂಡೆ ಹಿಡಿದು ಹೋಗೋಣ ಎಂದುಬಿಟ್ಟೆ. ಕೆರೆ ಅಂದರೆ ಸಣ್ಣದೇನಲ್ಲ. ಏರಿ ಇರುವುದು ಮದ್ದೂರು ತಾಲ್ಲೂಕಿನ ನಮ್ಮೂರಲ್ಲಿ. ನೀರು ಗುಡ್ಡಗಳ ನಡುವೆ ಉದ್ದಕ್ಕೆ ಚಾಚಿಕೊಂಡು ಹೋಗಿ ಮಳವಳ್ಳಿ ತಾಲ್ಲೂಕಿನ ಇನ್ನೊಂದು ಊರ ಮಗ್ಗುಲಲ್ಲಿ ಮುಗಿಯುತ್ತದೆ. ನಡುವೆ ಕುರುಚಲು ಕಾಡು, ಕಾಡು ಮುಗಿದ ಮೇಲೆ ಆಳೆತ್ತರ ಜೊಂಡು ಬೆಳೆದ ಜೌಗು. ಬಸ್ಸಿನಲ್ಲಾದರೆ ಮದ್ದೂರಿಗೆ ಹೋಗಿ, ಮಳವಳ್ಳಿ ಬಸ್ಸು ಹಿಡಿದು, ಅಲ್ಲಿಂದ ಮತ್ತೊಂದು ಬಸ್ಸು. ದಂಡೆಯ ಮೇಲಾದರೆ ಬೆಳಿಗ್ಗೆ ಹೊರಟವರು ಹೊತ್ತು ಮುಳುಗುವುದರೊಳಗೆ ಸೇರಬಹುದು. ಮನೆಯಲ್ಲಿ ಹೇಳಿದಾಗ ನಮ್ಮ ಯಜಮಾನರು ಪೇಪರಿನಿಂದ ತಲೆ ಎತ್ತದೆ, "ನಿನ್ ಮಂಡಿನೋವೂ ಜೊತ್ಗೆ ಬತ್ತದಾ, ಇಲ್ಲ ಅದ್ನ ನನ್ ತಾವ ಬುಟ್ಟು ಓಯ್ತೀಯಾ?" ಅಂದರು.

ಆ ದಾರಿ ನನಗೆ ಗೊತ್ತು. ಚಿಕ್ಕವಳಿದ್ದಾಗ ನಮ್ಮ ಮೇಷ್ಟ್ರು ವರ್ಷಕ್ಕೊಂದು ಸಲ ಅಲ್ಲಿ ನಡೆಸುತ್ತಿದ್ದರು. ಆ ಚೀಲವೂ ಅವರದೇ. ಮೇಷ್ಟ್ರು ನಮ್ಮನ್ನು ಆ ಕಾಡು, ಆ ಕೆಸರಿನಲ್ಲಿ ಯಾಕೆ ನಡೆಸಿದರು ಎಂಬುದು ಮಾತ್ರ ನನಗೆ ತಿಳಿದದ್ದು ಹೋದ ತಿಂಗಳು. ಅವರು ಹೆಂಡತಿಯನ್ನು ಹುಡುಕುತ್ತಿದ್ದರು. ನಮ್ಮ ಕೈಯಲ್ಲಿ ಕೋಲು ಕೊಟ್ಟು, ನಮ್ಮಿಂದ ಹುಡುಕಿಸುತ್ತಿದ್ದರು.

ಮೇಷ್ಟ್ರ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ. ತೆಳ್ಳಗಿನ ಆಳು, ಬಿಳಿ ಷರಟು, ಯಾವಾಗಲೂ ಬರಿಗಾಲು. ಒಬ್ಬರೇ ಇದ್ದರು. ಒಬ್ಬರೇ ಯಾಕೆ ಎಂದು ಕೇಳುವ ಬುದ್ಧಿ ನಮಗಿರಲಿಲ್ಲ. ಮೇಷ್ಟ್ರು ಅಂದರೆ ಹಾಗೇ ಇರುತ್ತಾರೇನೋ ಎಂದುಕೊಂಡಿದ್ದೆವು. ಶಿವರಾತ್ರಿ ಕಳೆದು ಕೆರೆಯ ನೀರು ಇಳಿಯತೊಡಗಿದರೆ ಸಾಕು, ಸಂಜೆ ಅವರ ಜಗುಲಿಯ ಮೇಲೆ ನಮ್ಮ ಸಭೆ ಸೇರುತ್ತಿತ್ತು. ಒಂದು ಮೊರದ ತುಂಬ ರಾಗಿ ಹರಡಿ, ಅದರಲ್ಲಿ ಬೆರಳಿನಿಂದ ಕೆರೆ ಬರೆಯುತ್ತಿದ್ದರು. ಇದು ಏರಿ, ಇದು ತೂಬು, ಇದು ಕಾಡು ಶುರುವಾಗುವ ಜಾಗ. ಒಂದು ಅವರೆಕಾಳು ಇಟ್ಟರೆ ಅದು ಆ ತುದಿಯ ಹೊಂಗೆಮರ. ಹೋದ ವರ್ಷ ಎಲ್ಲಿ ನಡೆದಿದ್ದೆವೋ ಅಲ್ಲಿ ಈ ವರ್ಷ ನಡೆಯುವ ಹಾಗಿಲ್ಲ, ದಾರಿ ಒಂದಿಷ್ಟು ಪಕ್ಕಕ್ಕೆ ಸರಿಯಬೇಕು. ಯಾರ ಪಕ್ಕ ಯಾರು, ನೀರು ಎಲ್ಲಿ ಕುಡಿಯಬೇಕು, ಕಾಲು ಹೂತರೆ ಏನು ಮಾಡಬೇಕು... ಮದುವೆ ಮನೆಯ ತಯಾರಿಗೂ ಅಷ್ಟು ಮಾತುಕತೆ ಇರುವುದಿಲ್ಲ. ನಾವಂತೂ ರೆಕ್ಕೆ ಬಂದವರಂತೆ ಆಡುತ್ತಿದ್ದೆವು.

ಆಯಾ ವರ್ಷ ಹೊಸದಾಗಿ ಸೇರಿದವರಿಗೆ ಮೇಷ್ಟ್ರು ತಾವೇ ಕೈಯಲ್ಲಿ ಹೊಲಿದ ಚೀಲ ಕೊಡುತ್ತಿದ್ದರು. ಗಂಡಸು ಕೂತು ಸೂಜಿಗೆ ದಾರ ಪೋಣಿಸುವುದನ್ನು ನೋಡಿ ನಾವು ಹುಡುಗಿಯರು ಬಾಯಿಗೆ ಲಂಗ ಅಡ್ಡ ಹಿಡಿದು ನಗುತ್ತಿದ್ದೆವು. ಬಟ್ಟೆ ಮಾತ್ರ ಎಂಥಾ ಚೆಂದ! ಒಂದು ವರ್ಷ ಹಸಿರು, ಒಂದು ವರ್ಷ ಕೆಂಪು, ಇನ್ನೊಂದು ವರ್ಷ ಬದನೆಕಾಯಿ ಬಣ್ಣ. ಅದರಲ್ಲಿ ಬೆಲ್ಲ ಕಲಸಿದ ಹುರಿಹಿಟ್ಟು ತುಂಬಿಕೊಂಡು, ಕೈಯಲ್ಲಿ ನಮಗಿಂತ ಉದ್ದದ ಕೋಲು ಹಿಡಿದು ಹೊರಡುವುದು. ಕೋಲು ಯಾಕೆ ಸಾ ಎಂದು ನಾನೇ ಒಂದು ಸಲ ಕೇಳಿದ್ದೆ. "ಆವು ಇರ್ತವೆ ಕಣವ್ವ," ಅಂದಿದ್ದರು.

ಹಾವಿಗೆ ಕೋಲಾದರೆ ನೆಲ ಬಡಿಯುತ್ತಾ ಹೋಗಬೇಕು. ನಮಗೆ ಕಲಿಸಿದ್ದು ಅದಲ್ಲ. ಜೌಗು ಬಂದ ಕೂಡಲೇ ಸಾಲಿನಲ್ಲಿ ಒಬ್ಬರ ಹಿಂದೆ ಒಬ್ಬರು ಹೋಗುವುದನ್ನು ಬಿಟ್ಟು, ಕೈ ಚಾಚಿದರೆ ಪಕ್ಕದವರ ಕೈ ತಗುಲುವಷ್ಟು ದೂರದಲ್ಲಿ ಅಡ್ಡಡ್ಡಲಾಗಿ ನಿಲ್ಲಬೇಕು. ಒಂದು ಹೆಜ್ಜೆ ಇಡು, ಕೋಲು ಊರು, ತಳ ಸಿಗುವ ತನಕ ಒತ್ತು. ಏನಾದರೂ ತಗುಲಿದರೆ ಕೂಗು. ಬಟ್ಟೆ ಚೂರು, ಬಳೆ ಚೂರು, ಚಪ್ಪಲಿ, ಏನೇ ಕಂಡರೂ ಕೂಗು. ಮೇಷ್ಟ್ರು ಅದಕ್ಕೆ ನಿಧಿ ಆಟ ಎಂದು ಹೆಸರಿಟ್ಟಿದ್ದರು. ನಡುನಡುವೆ ಜೊಂಡಿನ ಅಂಚಿನಲ್ಲಿ ನಿಂತು, ಎರಡೂ ಕೈ ಬಾಯಿಗೆ ಅಡ್ಡ ಹಿಡಿದು, "ಓಯ್..." ಎಂದು ಉದ್ದಕ್ಕೆ ಕೂಗುತ್ತಿದ್ದರು. ಗುಡ್ಡ ತಿರುಗಿ ಕೂಗುತ್ತಿತ್ತು. ನಾವೂ ಅವರ ಹಾಗೇ ಓಯ್ ಓಯ್ ಎಂದು ಕೂಗಿ ಕುಣಿಯುತ್ತಿದ್ದೆವು. ಅಯ್ಯೋ ದೇವರೇ, ಕುಣಿಯುತ್ತಿದ್ದೆವು.

ಒಂದು ವರ್ಷ ನನ್ನ ಪಕ್ಕದವಳ ಕೋಲಿಗೆ ಒಂದು ಚಪ್ಪಲಿ ಸಿಕ್ಕಿಕೊಂಡು ಮೇಲೆ ಬಂತು. ಅವಳು ಕೂಗಿದಳು. ಮೇಷ್ಟ್ರು ಮಂಡಿಯುದ್ದ ಕೆಸರಿನಲ್ಲಿ ಎದ್ದು ಬಿದ್ದು ಓಡಿಬಂದರು. ಚಪ್ಪಲಿಯನ್ನು ಕಿತ್ತುಕೊಂಡು, ಅಂಗಿಯ ತುದಿಯಿಂದ ಕೆಸರು ಒರೆಸಿದರು. ಆಮೇಲೆ ಹಾಗೇ ಕೆಸರಿನಲ್ಲಿ ಕುಸಿದು ಕೂತರು. ಚಪ್ಪಲಿಯನ್ನು ತಿರುಗಿಸಿ, ಅಳತೆ ಹಿಡಿದು ನೋಡಿದರು. ಅದು ಗಂಡಸಿನದು, ದನ ಕಾಯುವವರು ಯಾರೋ ಬಿಟ್ಟು ಹೋದದ್ದು. ಮೇಷ್ಟ್ರು ನಗತೊಡಗಿದರು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು, ಆದರೂ ನಗು ನಿಲ್ಲಲಿಲ್ಲ. ನಮಗೆ ಹೆದರಿಕೆಯಾಗಿ ಗುಂಪಾಗಿ ನಿಂತುಬಿಟ್ಟೆವು.

ಇನ್ನೂ ಎರಡು ವಿಚಿತ್ರಗಳಿದ್ದವು. ಆಟ ಅಂದ ಮೇಲೆ ನಿಧಿ ಸಿಗದಿದ್ದರೆ ಬೇಜಾರಾಗಬೇಕು ತಾನೆ? ಏನೂ ಸಿಗದೆ ಜೌಗು ದಾಟಿದೆವೆಂದರೆ ಮೇಷ್ಟ್ರ ಮುಖ ಅರಳುತ್ತಿತ್ತು. ಮಾರನೇ ದಿನ ಸೈಕಲ್ ತುಳಿದು ಮದ್ದೂರಿಗೆ ಹೋಗಿ ನಮಗೆಲ್ಲ ವಡೆ ತರುತ್ತಿದ್ದರು. ಸೋತದ್ದಕ್ಕೆ ವಡೆ! ಎಂಥಾ ಒಳ್ಳೆಯ ಆಟ ಎಂದು ನಾವು ಎಣ್ಣೆ ಕೈ ನೆಕ್ಕಿಕೊಂಡು ತಿಂದಿದ್ದೇ ತಿಂದಿದ್ದು. ಎರಡನೆಯದು, ಅಷ್ಟು ದೂರ ನಡೆದು ಆ ತುದಿಯ ಹೊಂಗೆಮರದ ಹತ್ತಿರ ಬಂದರೆ ಊರ ಹೆಂಚುಗಳು ಕಾಣುತ್ತಿದ್ದವು, ಬಾವಿಯ ರಾಟೆಯ ಸದ್ದು ಕೇಳುತ್ತಿತ್ತು, ನಮಗೆ ಗಂಟಲು ಒಣಗಿರುತ್ತಿತ್ತು. ಮೇಷ್ಟ್ರು ಮಾತ್ರ ಆ ಮರದಿಂದ ಒಂದು ಹೆಜ್ಜೆ ಮುಂದೆ ಇಡುತ್ತಿರಲಿಲ್ಲ. ಊರಿನವರು ಯಾರೋ ಕೊಡದಲ್ಲಿ ನೀರು ತಂದು ನಮಗೆ ಕೊಡುತ್ತಿದ್ದರು, ಆಮೇಲೆ ಎತ್ತಿನಗಾಡಿ ಬಂದು ನಮ್ಮನ್ನು ಬಸ್ಸಿನವರೆಗೆ ಬಿಡುತ್ತಿತ್ತು. ಮೇಷ್ಟ್ರು ತಲೆ ಬಗ್ಗಿಸಿ ಕೂತಿರುತ್ತಿದ್ದರು.

ಹೋದ ತಿಂಗಳು ಅದೇ ಊರಿಗೆ ಒಬ್ಬಳೇ ಬಸ್ಸಿನಲ್ಲಿ ಹೋದೆ. ಸುಸ್ತಾಗಿ ಬಂದು ಸೇರುವ ನಮ್ಮ ಹೆಂಗಸರಿಗೆ ಕೂರಲು ನೆರಳು, ಕುಡಿಯಲು ನೀರು, ವಾಪಸ್ಸಿಗೆ ಬಸ್ಸು ಇದೆಯೋ ವಿಚಾರಿಸಬೇಕಿತ್ತು. ಹಳೆಯ ಹಸಿರು ಚೀಲವನ್ನು ಸುಮ್ಮನೆ ಚಪಲಕ್ಕೆ ಕುತ್ತಿಗೆಗೆ ಹಾಕಿಕೊಂಡಿದ್ದೆ. ಅದರಲ್ಲಿ ಮೊಬೈಲು, ಬಸ್ಸಿನಲ್ಲಿ ತೋರಿಸುವ ಆಧಾರ್ ಕಾರ್ಡು. ಊರ ಮೊದಲ ಮನೆಯ ಜಗುಲಿಯ ಮೇಲೆ ಒಬ್ಬ ಅಜ್ಜ ಅವರೆಕಾಯಿ ಸುಲಿಯುತ್ತಿದ್ದರು. ನೀರು ಕೇಳಿದೆ. ಚೊಂಬು ಕೊಡಲು ಬಂದವರ ಕಣ್ಣು ನನ್ನ ಚೀಲದ ಮೇಲೆ ನಿಂತಿತು. ಬಗ್ಗಿ, ಆ ಮೂಲೆಯನ್ನು ಹಿಡಿದು ಬೆಳಕಿಗೆ ತಿರುಗಿಸಿದರು. ಇಷ್ಟು ದಿನ ನಾನು ಬರೀ ಕಲೆ ಎಂದುಕೊಂಡದ್ದು ಮೂರು ಬೆರಳಿನ ಅರಿಶಿನದ ಗುರುತು.

"ಇದು ನಮ್ಮಕ್ಕನ ಬಾಗ್ನದ ರವ್ಕೆ ಕಣ ಅಲ್ವಾ? ಕಣಕ್ಕೆ ಇಂಗೆ ಮೂರು ಬೆಳ್ಳು ಅರಿಸಿನ ಇಕ್ತಿದ್ದವ್ಳು ನಮ್ಮವ್ವ ಒಬ್ಳೇಯ. ಇದು ನಿಮ್ಗೆ ಎಲ್ಲಿ ಸಿಕ್ತವ್ವ?"

ನಮ್ಮ ಮೇಷ್ಟ್ರು ಕೊಟ್ಟದ್ದು ಎಂದೆ. ಅಜ್ಜ ಚೊಂಬನ್ನು ಜಗುಲಿಯ ಮೇಲಿಟ್ಟು ಗೋಡೆ ಹಿಡಿದುಕೊಂಡರು. ಮೇಷ್ಟ್ರು ಅವರ ಭಾವ. ಅಕ್ಕನ ಗಂಡ.

ಅವರು ಹೇಳಿದ್ದನ್ನು ನಾನು ನಿಂತೇ ಕೇಳಿದೆ. ಕೂರಬೇಕೆಂದು ತೋಚಲಿಲ್ಲ. ನಾನಿನ್ನೂ ಹುಟ್ಟದ ಕಾಲದ ಮಾತು. ಮೇಷ್ಟ್ರಿಗೂ ಹೆಂಡತಿಗೂ ಮದುವೆಯಾಗಿ ಹೆಚ್ಚು ದಿನವಾಗಿರಲಿಲ್ಲ. ಯುಗಾದಿ ಕಳೆದ ಮೇಲೆ ತವರಿಗೆ ಹೋಗುವ ವಿಚಾರಕ್ಕೆ ಮಾತಿಗೆ ಮಾತು ಬೆಳೆದು, ಆಕೆ ಬೆಳಿಗ್ಗೆ ಎದ್ದು ಕೆರೆ ದಂಡೆಯ ದಾರಿ ಹಿಡಿದು ಹೊರಟುಹೋದರು. ಚಿಕ್ಕಂದಿನಿಂದ ಬಲ್ಲ ದಾರಿ. ಮೇಷ್ಟ್ರಿಗೆ ಬಿಗುಮಾನ. ಸಿಟ್ಟು ಮಾಡಿಕೊಂಡು ಹೋದವಳನ್ನು ತವರಿನವರೇ ಕರೆತಂದು ಬಿಡಬೇಕು, ಅದು ರೂಢಿ. ತಾವಾಗಿ ಹೋಗಿ ಅತ್ತೆ ಮನೆಯ ಬಾಗಿಲಲ್ಲಿ ನಿಲ್ಲುವುದೇ? ಇತ್ತ ತವರಿನಲ್ಲಿ, ಹಬ್ಬಕ್ಕೂ ಮಗಳನ್ನು ಕಳಿಸದ ಅಳಿಯನ ಮೇಲೆ ಸಿಟ್ಟು. ಕಳಿಸದಿದ್ದರೆ ಬಿಡಲಿ, ನಾವೇಕೆ ಹೋಗಿ ಕಾಲು ಹಿಡಿಯಬೇಕು ಎಂದು ಸುಮ್ಮನಾದರು. ಕೇಳಿದವರಿಗೆ ಮೇಷ್ಟ್ರು ತವರಿಗೆ ಹೋಗಿದ್ದಾಳೆ ಎಂದರು. ತವರಿನವರು, ಗಂಡನ ಮನೆಯಲ್ಲಿ ಚೆನ್ನಾಗಿದ್ದಾಳೆ ಎಂದರು. ಎರಡೂ ಮನೆ ಮರ್ಯಾದೆ ಕಾಪಾಡಿಕೊಂಡವು.

ಗೌರಿ ಹಬ್ಬ ಬಂತು. ಸಿಟ್ಟು ಎಷ್ಟೇ ಇದ್ದರೂ ಮದುವೆಯಾದ ಹೆಣ್ಣಿಗೆ ತವರಿನ ಬಾಗಿನ ತಪ್ಪಿಸುವ ಹಾಗಿಲ್ಲ. ಆಕೆಯ ತಮ್ಮ, ಅಂದರೆ ಈ ಅಜ್ಜ, ಮೊರದಲ್ಲಿ ಬಳೆ, ರವಿಕೆ ಕಣ, ಅರಿಶಿನ ಕುಂಕುಮ ಹೊತ್ತುಕೊಂಡು ನಮ್ಮೂರಿಗೆ ಬಂದು, ಮೇಷ್ಟ್ರ ಬಾಗಿಲಲ್ಲಿ ನಿಂತು, ಅಕ್ಕಾ ಎಂದು ಕರೆದ. ಒಳಗಿಂದ ಮೇಷ್ಟ್ರು ಬಂದರು. ಬಾಗಿಲಲ್ಲಿ ನಿಂತ ತಮ್ಮನ ಹಿಂದೆ ಹೆಂಡತಿಯೂ ಬಂದಿದ್ದಾಳೆಂದು ಮೇಷ್ಟ್ರು ಬೀದಿಯತ್ತ ಇಣುಕಿದರಂತೆ. ಅಕ್ಕ ಒಳಗಿದ್ದಾಳೆಂದು ಅವನು ಮನೆಯೊಳಗೆ ಇಣುಕಿದನಂತೆ.

"ಬಾವ ನನ್ ಮಕ ನೋಡುದ್ರು, ನಾನು ಬಾವನ ಮಕ ನೋಡ್ದೆ," ಅಂದರು ಅಜ್ಜ. "ಮೊರ ಕೈ ಜಾರಿ ಬಿತ್ತು ಕಣವ್ವ. ಬಳೆಯೆಲ್ಲ ಪುಡಿಪುಡಿ..."

ಯುಗಾದಿಯಿಂದ ಗೌರಿ ಹಬ್ಬದವರೆಗೆ ಒಬ್ಬ ಹೆಂಗಸು ಭೂಮಿಯ ಮೇಲೆ ಎಲ್ಲಿಯೂ ಇರಲಿಲ್ಲ, ಎರಡು ಮನೆಗಳಲ್ಲಿ ಒಬ್ಬರಿಗೂ ಅದು ಗೊತ್ತಿರಲಿಲ್ಲ! ಅಷ್ಟರಲ್ಲಿ ಮುಂಗಾರು ಸುರಿದು ಕೆರೆ ತುಂಬಿ ಜೌಗೆಲ್ಲ ನೀರಾಗಿತ್ತು. ಕಂಪ್ಲೇಂಟು ಕೊಟ್ಟರು, ದೋಣಿ ಬಿಟ್ಟರು, ಏನೂ ಸಿಗಲಿಲ್ಲ. ಮಗಳನ್ನು ಕರೆದುಕೊಂಡು ಬಾ, ಇಲ್ಲದಿದ್ದರೆ ಈ ಊರಿಗೆ ಕಾಲಿಡಬೇಡ ಎಂದು ಅತ್ತೆ ಅಳಿಯನಿಗೆ ಹೇಳಿ ಕಳಿಸಿದರು. ಹಾಗೆ ಹೇಳಿದ ಅದೇ ತಾಯಿ ಪ್ರತಿ ಗೌರಿ ಹಬ್ಬಕ್ಕೂ ಮೂರು ಬೆರಳು ಅರಿಶಿನ ಹಚ್ಚಿದ ಕಣವನ್ನು ಮಗನ ಕೈಯಲ್ಲಿ ಅಳಿಯನ ಮನೆಗೆ ಕಳಿಸಿದರು, ಬದುಕಿರುವವರೆಗೂ. ಬಾಗಿನ ನಿಲ್ಲಿಸಿದರೆ ಮಗಳು ಸತ್ತಳೆಂದು ಒಪ್ಪಿದ ಹಾಗೆ. ಮೇಷ್ಟ್ರು ಅದನ್ನು ಬೇಡವೆನ್ನದೆ ತೆಗೆದುಕೊಂಡರು. ಅದನ್ನೇ ಚೀಲ ಹೊಲಿದು, ನಮ್ಮ ಕುತ್ತಿಗೆಗೆ ಹಾಕಿ, ಆಕೆ ಹೋದ ದಾರಿಯಲ್ಲಿ ಕಳಿಸಿದರು. ರಾಗಿ ಹರಡಿ ನಮಗೆ ಕೆರೆ ಬರೆದು ತೋರಿಸಿದ ಮೊರವೂ ಬಾಗಿನದ್ದೇ ಇರಬೇಕು.

"ಬಾವ ಸತ್ತಾಗ ಅವ್ರಿಗೆ ಎಡೆ ಇಕ್ಕುದ್ರು," ಅಂದರು ಅಜ್ಜ, ನಾನು ಹೊರಡುವಾಗ. "ನಮ್ಮಕ್ಕಂಗೆ ಯಾರಿಕ್ತಾರೆ? ಸತ್ತವ್ಳೆ ಅಂತ ಯಾರೂ ಯೋಳ್ನಿಲ್ವಲ್ಲ."

ಅಲ್ಲಿಂದ ಸೀದಾ ನಮ್ಮೂರಿಗೆ ಹೋದೆ. ಅಮ್ಮ ಅಣ್ಣನ ಮನೆಯಲ್ಲಿದ್ದಾಳೆ, ಮೊಮ್ಮಕ್ಕಳ ಜೊತೆ ಟೀವಿ ನೋಡುತ್ತಾ ಕೂತಿದ್ದಳು. ಚೀಲವನ್ನು ಅವಳ ತೊಡೆಯ ಮೇಲೆ ಎಸೆದು, ಇದು ನಿನಗೆ ಗೊತ್ತಿತ್ತಾ ಎಂದೆ. ಇಲ್ಲ ಎನ್ನುತ್ತಾಳೆಂದೇ ನಂಬಿದ್ದೆ. ಅಮ್ಮ ಟೀವಿಯ ಸದ್ದು ಕಡಿಮೆ ಮಾಡಿದಳು.

"ಗೊತ್ತಿತ್ತು ಕಣವ್ವ. ಊರ್ಗೆಲ್ಲ ಗೊತ್ತಿತ್ತು."

ನನಗೆ ಮೈಯೆಲ್ಲ ಉರಿದುಹೋಯಿತು. ಹೆಣ ಹುಡುಕುವುದಕ್ಕೆ ನನ್ನನ್ನು ಕಳಿಸಿದೆಯಾ, ನನ್ನ ಕೋಲಿಗೆ ಏನಾದರೂ ತಗುಲಿದ್ದರೆ ಏನು ಮಾಡುತ್ತಿದ್ದೆ ಎಂದು ಕೂಗಾಡಿದೆ. ನನ್ನ ಅರಚಾಟಕ್ಕೆ ಮಕ್ಕಳು ಎದ್ದು ಹೊರಗೆ ಹೋದವು. ಅಮ್ಮ ಚೀಲದ ಲಾಡಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಕೂತಿದ್ದಳು.

"ದೊಡ್ಡೋರು ಓದ್ರೆ ಉಡುಕ್ದಂಗೆ ಆಯ್ತದೆ, ಐಕ್ಳು ಓದ್ರೆ ಆಟ. ಮೇಷ್ಟ್ರು ಅಂಗೇ ಯೋಳುದ್ರು. ಇಲ್ಲ ಅನ್ನಾಕೆ ಯಾರ್ಗೂ ಬಾಯಿ ಬರ್ನಿಲ್ಲ. ನೀವು ಓದ್ ದಿನ ಈ ಊರಲ್ಲಿ ಯಾರ್ ಮನೇಲೂ ಒಲೆ ಅಚ್ತಿರ್ನಿಲ್ಲ ಕಣ. ಮಾರ್ನೇ ದಿನ ಮೇಷ್ಟ್ರು ವಡೆ ತಂದಾಗ್ಲೇ ನಮ್ಗೆಲ್ಲ ಉಸ್ರು ಬತ್ತಿದ್ದದ್ದು."

ವಡೆ! ಆಗ ನನಗೆ ಅರ್ಥವಾಯಿತು. ಜೌಗಿನಲ್ಲಿ ಏನೂ ಸಿಗಲಿಲ್ಲ ಎಂದರೆ ಆಕೆ ಅಲ್ಲಿಲ್ಲ. ಅಲ್ಲಿಲ್ಲ ಎಂದರೆ ಇನ್ನೆಲ್ಲೋ ಇದ್ದಾಳೆ. ಮೇಷ್ಟ್ರು ಆಕೆ ಸಿಗಲೆಂದು ಹುಡುಕುತ್ತಿರಲಿಲ್ಲ, ಸಿಗದಿರಲೆಂದು ಹುಡುಕುತ್ತಿದ್ದರು. ಪ್ರತಿ ವರ್ಷ ಇನ್ನೊಂದಿಷ್ಟು ಕೆಸರಿನಲ್ಲಿ ಆಕೆ ಇಲ್ಲ ಎಂದು ಖಾತ್ರಿ ಮಾಡಿಕೊಂಡು, ಅದಕ್ಕೆ ಹಬ್ಬ ಮಾಡುತ್ತಿದ್ದರು. ಆ ಹಬ್ಬದಲ್ಲಿ ನಾನು ಎರಡನೇ ವಡೆಗೆ ಕೈಚಾಚಿದ್ದೆ. ಆ ಮನುಷ್ಯನ ಮೇಲೆ ಸಿಟ್ಟು ಮಾಡಬೇಕೋ, ಅವನಿಗಾಗಿ ಅಳಬೇಕೋ ನನಗೆ ಈಗಲೂ ಗೊತ್ತಾಗುತ್ತಿಲ್ಲ. ಎರಡೂ ಆಗುತ್ತಿದೆ.

ನಮ್ಮ ನಡಿಗೆಗೆ ದಿನ ಗೊತ್ತು ಮಾಡಿದ್ದೇವೆ. ನಿನ್ನೆ ಸಂಜೆ ಮೊಬೈಲಿನ ಗುಂಪಿನಲ್ಲಿ, ಎಲ್ಲರೂ ಒಂದೊಂದು ಉದ್ದನೆಯ ಕೋಲು ತರಬೇಕು ಎಂದು ಬರೆದೆ. ನಮ್ಮ ಹಿಂದಿನ ಬೀದಿಯ ಗೆಳತಿಯದು ಯಾವಾಗಲೂ ಮೊದಲ ಪ್ರಶ್ನೆ. ಕೋಲು ಯಾಕೆ ಎಂದು ಕೇಳಿದಳು. ಹಾವು ಇರುತ್ತವೆ ಎಂದು ಒತ್ತಿದೆ. ಕಳಿಸಬೇಕು, ಅಷ್ಟರಲ್ಲಿ ಬೆರಳು ನಿಂತಿತು. ಅದು ನನ್ನ ಮಾತಾಗಿರಲಿಲ್ಲ. ಮೇಷ್ಟ್ರ ಮಾತು, ಎಷ್ಟೋ ವರ್ಷದಿಂದ ನನ್ನ ಬಾಯಲ್ಲಿ ಕಾದು ಕೂತಿದ್ದು, ಏನೂ ಆಗಿಲ್ಲವೆಂಬಂತೆ ಹೊರಗೆ ಬಂದಿತ್ತು. ನಾನೂ ಮುಚ್ಚಿಡುತ್ತಿದ್ದೆ. ಎಲ್ಲವನ್ನೂ ಅಳಿಸಿ ಮತ್ತೆ ಬರೆದೆ: ಆ ಜೌಗಿನಲ್ಲಿ ಒಬ್ಬ ಹೆಂಗಸು ಕಳೆದುಹೋಗಿದ್ದಾರೆ, ನಮ್ಮ ಮೇಷ್ಟ್ರ ಹೆಂಡತಿ, ನೋಡಿಕೊಂಡು ನಡೆಯಬೇಕು.

ಎಲ್ಲರೂ ಓದಿದರು. ನಾನು ಒಲೆ ಹಚ್ಚಿ ಹುರಿಹಿಟ್ಟಿಗೆ ರಾಗಿ ಹಾಕಿದೆ. ಕಾಳು ಚಟಪಟ ಎನ್ನುವಾಗ ಗೆಳತಿಯ ಉತ್ತರ ಬಂತು.

ಹೆಸರೇನು ಅವರದ್ದು?

ಸೌಟು ಹಿಡಿದು ನಿಂತೆ. ಹೆಸರು... ಅಜ್ಜ ನಮ್ಮಕ್ಕ ಎಂದರು, ಕೊನೆಯವರೆಗೂ ಅಷ್ಟೇ ಎಂದರು. ನಾನು ಕೇಳಲಿಲ್ಲ. ಅವರ ಕೈಯಲ್ಲಿ ಫೋನಿಲ್ಲ. ನಡೆದು ಹೋದಾಗಲೇ ಕೇಳಬೇಕು. ಅಮ್ಮನಿಗೆ ಫೋನು ಮಾಡಿದೆ.

"ಮೇಷ್ಟ್ರ ಎಂಡ್ರು ಅಂತಿದ್ದೋ ಕಣವ್ವ."

ಹೆಸರಮ್ಮ, ಹೆಸರು ಎಂದೆ. ಪಕ್ಕದ ಗೋಡೆಯವಳು, ಅಮ್ಮನ ಜೊತೆ ಒಂದೇ ಬಾವಿಯಲ್ಲಿ ನೀರು ಸೇದಿದವಳು.

"ಜ್ಞಾಪಕ ಬತ್ತಿಲ್ವಲ್ಲವ್ವ..."

ಫೋನಿಟ್ಟೆ. ಅಷ್ಟು ವರ್ಷ ಅಷ್ಟು ಜನ ಮಕ್ಕಳು ಸಾಲಾಗಿ ನಿಂತು ಹುಡುಕಿದೆವು. ಕೂಗಿ ಕರೆಯುವಾಗಲೂ, ಹೆಂಡತಿಯನ್ನು ಹೆಸರು ಹಿಡಿದು ಕರೆಯದ ಆ ಕಾಲದ ಗಂಡಸಾಗಿ, ಮೇಷ್ಟ್ರು ಓಯ್ ಎಂದಷ್ಟೇ ಕರೆದಿದ್ದರು. ಒಲೆಯ ಮೇಲೆ ರಾಗಿ ಸೀದ ವಾಸನೆ ಬಂತು. ಗೆಳತಿಯ ಪ್ರಶ್ನೆ ಇನ್ನೂ ಹಾಗೇ ಇದೆ. ಮೇಷ್ಟ್ರನ್ನೇ ಕೇಳೋಣವೆಂದರೆ ಮೇಷ್ಟ್ರಿಲ್ಲ.